ಮುದ್ದಮ್ಮನ ಸ್ವಿಮ್ಮಿಂಗ್ ಪೂಲು

ನಂಜನಗೂಡಿನ ಚರಿತ್ರೆಯಲ್ಲಿ ಸ್ವಂತದ ಸ್ವಿಮ್ಮಿಂಗ್ ಪೂಲು ಪಡೆದ ಮೊಟ್ಟಮೊದಲ ಹೆಂಗಸು ಅಂದರೆ ಮುದ್ದಮ್ಮ. ನಂಬದವರು ನಂಬಬೇಡಿ. ಸರ್ಕಾರದ ಕಂಪ್ಯೂಟರು ನಂಬಿತ್ತು. ಪೂಲಿನ ಬಣ್ಣ ನೀಲಿ. ಆಕಾರ ಗೋಡಂಬಿಯದು. ದಂಡೆಯಲ್ಲಿ ಎರಡು ಈಚಲ ಮರ, ಮೈಚಾಚಲು ಒಂದು ಬಿಳಿ ಕುರ್ಚಿ. ಇಷ್ಟೆಲ್ಲ ಇದ್ದ ಮುದ್ದಮ್ಮ ದಿನಾ ಬೆಳಗ್ಗೆ ಬಿಂದಿಗೆ ಹಿಡಿದು ಕೇರಿಯ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ನಲ್ಲಿಗೆ ಮನಸ್ಸು ಬಂದರೆ ಒಂದಷ್ಟು ಕೆಮ್ಮುತ್ತಿತ್ತು. ಬಾರದಿದ್ದರೆ ಅದೂ ಇಲ್ಲ.

ಮುದ್ದಮ್ಮನ ಕಸುಬು ಮೋಲ್ಡು ಹೊರುವುದು. ಆರ್‌ಸಿಸಿ ತಾರಸಿಗೆ ನಮ್ಮ ಕಡೆ ಮೋಲ್ಡು ಅಂತಲೇ ಹೆಸರು. ಬೆಳಗ್ಗೆ ರೈಲು ಹತ್ತಿ ಮೈಸೂರಿಗೆ ಹೋಗಿ ಸಂಜೆ ಇಳಿಯುವ ನೌಕರರಿಗೆಲ್ಲ ನಂಜನಗೂಡಲ್ಲಿ ಮನೆ ಬೇಕಾಯಿತು. ಭತ್ತದ ಗದ್ದೆಗಳು ಸಂಜೆ ಗದ್ದೆಗಳಾಗಿ ಮಲಗಿ ಬೆಳಗ್ಗೆ ಲೇಔಟುಗಳಾಗಿ ಎದ್ದವು. ಆ ಲೇಔಟುಗಳ ಮೋಲ್ಡೆಲ್ಲ ಮೇಲೆ ಹೋದದ್ದು ಮುದ್ದಮ್ಮನ ತಲೆಯ ಮೇಲೆ. ಕಾಂಕ್ರೀಟು ಎತ್ತುವ ಲಿಫ್ಟು ಬಂದಿತ್ತು. ಆದರೆ ಸಣ್ಣ ಸೈಟಿನ ಸಂದಿಗೆ ಅದು ನುಗ್ಗುತ್ತಿರಲಿಲ್ಲ. ಮುದ್ದಮ್ಮ ನುಗ್ಗುತ್ತಿದ್ದಳು.

ತಲೆಯ ಮೇಲೆ ಸಿಂಬೆ. ಸಿಂಬೆಯ ಮೇಲೆ ಬಾಂಡಲಿ. ಬಾಂಡಲಿ ತುಂಬ ಕಾಂಕ್ರೀಟು. ಕಾಲ ಕೆಳಗೆ ಅಲ್ಲಾಡುವ ಏಣಿ. ಹೊತ್ತೂ ಹೊತ್ತೂ ಅವಳ ನಡುನೆತ್ತಿಯ ಕೂದಲು ಅಂಗೈಯಗಲ ಉದುರಿಹೋಗಿತ್ತು. ಸಿಮೆಂಟು ತಿಂದ ಬೆರಳುಗಳಲ್ಲಿ ಗೆರೆಯೇ ಇರಲಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷೀನು ಅವಳನ್ನು ಮನುಷ್ಯಳೆಂದು ಒಪ್ಪಿದ್ದೇ ಇಲ್ಲ. ಅವಳು ಹೊತ್ತ ಮೋಲ್ಡುಗಳನ್ನು ಒಂದರ ಪಕ್ಕ ಒಂದು ಹಾಸಿದ್ದರೆ ನಂಜನಗೂಡಿನಿಂದ ಅವಳ ತವರು ನರಸೀಪುರದವರೆಗೆ ತಲೆಗೆ ಬಿಸಿಲು ಬೀಳದ ಹಾಗೆ ನಡೆದುಹೋಗಬಹುದಿತ್ತು. ಅವಳ ಮನೆಗೆ ಮಾತ್ರ ತೂತು ತಗಡು.

ತಗಡಿನ ಮೇಲೆ ಫ್ಲೆಕ್ಸು. ಕೇರಿಯ ಸೂರುಗಳೆಲ್ಲ ಫ್ಲೆಕ್ಸಿನವೇ. ಚುನಾವಣೆ ಮುಗಿದ ಮಾರನೆಯ ದಿನ, ನಾಯಕರ ಹುಟ್ಟುಹಬ್ಬ ಮುಗಿದ ಮಾರನೆಯ ದಿನ, ಗಂಡಸರು ಹೋಗಿ ಕಂಬದಿಂದ ಬಿಚ್ಚಿಕೊಂಡು ಬರುತ್ತಿದ್ದರು. ಅದನ್ನು ಹಾಸುವುದಕ್ಕೆ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ಫ್ಲೆಕ್ಸಿನಲ್ಲಿ ಗಂಡಸಿನ ಮುಖ ಇದ್ದರೆ ಮುಖ ಮೇಲಕ್ಕೆ. ಒಂದೇ ಅಂಕಣದ ಮನೆಗಳು. ಹೆಂಗಸರು ಸೀರೆ ಬದಲಿಸುವುದು, ಬಾಣಂತಿಗೆ ಎಣ್ಣೆ ಹಚ್ಚುವುದು ಎಲ್ಲ ಆ ಸೂರಿನ ಕೆಳಗೇ. ಮುಖ ಕೆಳಕ್ಕೆ ಹಾಸಿದರೆ ಆ ಮಹನೀಯರು ಕೈಮುಗಿದು ಹಲ್ಲುಕಿರಿದು ಹಗಲೂ ಇರುಳೂ ನೋಡುತ್ತಲೇ ಇರುತ್ತಾರೆ. ಅದಕ್ಕೇ ಮೇಲಕ್ಕೆ. ಅವರು ಆಕಾಶ ನೋಡಿಕೊಂಡಿರಲಿ. ಕಾಗೆಗಳು ಅವರನ್ನು ನೋಡಿಕೊಳ್ಳುತ್ತವೆ.

ಮುದ್ದಮ್ಮನ ಗಂಡ ಚಲುವಯ್ಯ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಲೋಡು ಹೊರುವವನು. ಒಂದು ಸಂಜೆ ಅವನು ಹೈವೇ ಬದಿಯಿಂದ ಒಂದು ಫ್ಲೆಕ್ಸು ತಂದ. ತೇರಿನ ಬಟ್ಟೆಯಷ್ಟು ದೊಡ್ಡದು. ಯಾವುದೋ ಲೇಔಟಿನ ಜಾಹೀರಾತು. ಹದ್ದು ಮೇಲಿನಿಂದ ನೋಡಿದ ಹಾಗೆ ಬಿಡಿಸಿದ ಬಂಗಲೆ, ಅದರ ಮುಂದೆ ನೀಲಿ ಕೊಳ, ಈಚಲ ಮರ, ಕುರ್ಚಿ. ಮೂಲೆಯಲ್ಲಿ ಲೇಔಟಿನ ಮಾಲೀಕ, ದಪ್ಪ ಮೀಸೆ, ಹೆಬ್ಬೆರಳು ಎತ್ತಿಕೊಂಡು ನಿಂತಿದ್ದ.

"ಮನೆ ಚಿತ್ರ ಸೆನಾಗದೆ. ಒಳಕ್ಕೆ ಬರಂಗೆ ಆಸವ. ಮನಿಕಂಡು ನೋಡ್ಬೋದು" ಅಂದ ಚಲುವಯ್ಯ.

"ಮನೆ ನೋಡ್ತಿಯ, ಮೀಸೆ ನೋಡ್ನಿಲ್ವಾ? ಸೊಸೆ ಇರೋ ಮನೆ ಇದು. ಮ್ಯಾಲಕ್ಕೆ ಆಕು" ಅಂದಳು ಮುದ್ದಮ್ಮ.

ಮೇಲಕ್ಕೆ ಹಾಕಿದರು. ಅಲ್ಲಿಂದ ಶುರುವಾಯಿತು ಅವಳ ಐಶ್ವರ್ಯ.

ಆ ವರ್ಷ ಮೋಲ್ಡಿಲ್ಲದ ಮನೆಗೆಲ್ಲ ಮೋಲ್ಡು ಹಾಕಿಸಿಕೊಡುತ್ತೇವೆ ಎಂದು ಯೋಜನೆ ಬಂತು. ಮುದ್ದಮ್ಮ ಅರ್ಜಿ ಕೊಟ್ಟಳು. ಮಗನ ಮದುವೆ ಆದಾಗಿನಿಂದ ಅವಳು, ಚಲುವಯ್ಯ ಜಗಲಿಯಲ್ಲೇ ಮಲಗುತ್ತಿದ್ದರು. ಸೊಸೆ ದಿವ್ಯ ಬಸುರಿ. ಮಗು ಬರುವಷ್ಟರಲ್ಲಿ ತಲೆಯ ಮೇಲೊಂದು ಸೋರದ ಮೋಲ್ಡು. ಮುದ್ದಮ್ಮ ಕೇಳಿದ್ದು ಇಷ್ಟೇ. ಊರಿಗೆಲ್ಲ ಹೊತ್ತದ್ದರಲ್ಲಿ ಒಂದು.

ಅರ್ಜಿ ಕೊಟ್ಟವರ ಸೂರು ಸರ್ವೆ ಮಾಡಬೇಕು. ಹಿಂದೆ ಸರ್ವೆಯವರು ಕೇರಿಯ ಬಾಯಲ್ಲಿ ಜೀಪು ನಿಲ್ಲಿಸಿ, ಅಲ್ಲಿಗೇ ಜನರನ್ನು ಕರೆಸಿ, ಕೇಳಿ ಬರೆದುಕೊಂಡು ಹೋಗುತ್ತಿದ್ದರು. ಒಳಗೆ ಬಂದರೆ ಯಾರಾದರೂ ನೀರು ಕೊಡುತ್ತಾರೆ. ಕೊಟ್ಟರೆ ಕುಡಿಯಬೇಕು. ಕುಡಿಯದಿದ್ದರೆ ಮಾತು ಬರುತ್ತದೆ. ಈ ಕಷ್ಟವನ್ನೆಲ್ಲ ಡ್ರೋನು ಪರಿಹರಿಸಿತು. ಡ್ರೋನಿಗೆ ಬಾಯಾರಿಕೆಯಿಲ್ಲ. ಮುಟ್ಟದೆ, ಮೆಟ್ಟದೆ, ಮನೆಮನೆಯ ನೆತ್ತಿ ಮೂಸಿ ಹೋಗುತ್ತದೆ. ಅಲ್ಲಿಯವರೆಗೆ ಮಡಿ ನೆಲದ ಮೇಲೆ ನಡೆಯುತ್ತಿತ್ತು. ಈಗ ಅದಕ್ಕೆ ರೆಕ್ಕೆ ಬಂತು.

ಸೂರು ಸರ್ವೆಯ ಸಾಹೇಬರು ರುದ್ರೇಶ್. ಅವರು ಮೇನ್ ರೋಡಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಕೂತರು. ಬಾಡಿಗೆಗೆ ಡ್ರೋನು ಹಾರಿಸುವ ಹೇಮಂತ್ ಮೋರಿಯ ಕಟ್ಟೆ ಮೇಲೆ ನಿಂತು ಹಾರಿಸಿದ.

ಮುದ್ದಮ್ಮ ಆಗಷ್ಟೇ ಮೋಲ್ಡು ಹೊತ್ತು ಬಂದಿದ್ದಳು. ಮನೆಯ ಹಿಂದೆ ನಾಲ್ಕು ಗೂಟಕ್ಕೆ ಹಳೆ ಸೀರೆ ಸುತ್ತಿದ ಮರೆ. ಅದೇ ಬಚ್ಚಲು. ಮೇಲೆ ಏನೂ ಇಲ್ಲ, ಆಕಾಶ. ಲಂಗವನ್ನು ಎದೆಗೇರಿಸಿ ಕಟ್ಟಿಕೊಂಡು ಅವಳು ಕುತ್ತಿಗೆಗೆ ಮೆತ್ತಿದ ಸಿಮೆಂಟು ಉಜ್ಜುತ್ತಿದ್ದಳು. ಹೆಜ್ಜೇನು ಎದ್ದ ಹಾಗೆ ಸದ್ದು ಬಂತು. ಕತ್ತೆತ್ತಿದರೆ ನೆತ್ತಿಯ ಮೇಲೆ ಒಂದು ಕರೀ ಯಂತ್ರ, ಒಂಟಿಕಣ್ಣು ಬಿಟ್ಟುಕೊಂಡು ನಿಂತಿದೆ. ಹೋಗುವುದೇ ಇಲ್ಲ. ಮುದ್ದಮ್ಮ ಚೊಂಬಿನಲ್ಲಿದ್ದ ನೀರನ್ನು ಅದರ ಮೋರೆಗೆ ಎರಚಿದಳು. ಅವಳು ಎರಚಿದ ನೀರು ತೆಂಗಿನ ಗರಿ ದಾಟಿ ಮೋಡಕ್ಕೆ ತಾಗಿ ವಾಪಸು ಬಂತು ಎಂದು ಕೇರಿಯವರು ಇವತ್ತಿಗೂ ಹೇಳುತ್ತಾರೆ. ಯಂತ್ರ ಮಾತ್ರ ಪಕ್ಕಕ್ಕೆ ವಾಲಿಕೊಂಡು ತನಗೆ ಬೇಕಾದ್ದನ್ನು ನೋಡಿಕೊಂಡು ಹೋಯಿತು.

ಅರ್ಜಿ ವಜಾ ಆಯಿತು ಎಂದು ಗೊತ್ತಾದಾಗ ಮುದ್ದಮ್ಮ ಕೂಲಿ ಬಿಟ್ಟು ಆಫೀಸಿಗೆ ಹೋದಳು. ರುದ್ರೇಶ್ ಸಾಹೇಬರ ಸುತ್ತ ಗುಮಾಸ್ತರು ನಿಂತಿದ್ದರು. ಎಲ್ಲರ ಮುಖದಲ್ಲೂ ನಗು ಮೊದಲೇ ಸಿದ್ಧವಾಗಿತ್ತು.

"ಏನಮ್ಮ, ಸ್ವಿಮ್ಮಿಂಗ್ ಪೂಲ್ ಇಟ್ಕೊಂಡು ಮೋಲ್ಡಿಗೆ ಅರ್ಜಿ ಹಾಕಿದ್ದೀಯಲ್ಲ" ಅಂದರು ಸಾಹೇಬರು.

"ಅಂಗಂದ್ರೆ ಏನ್ ಸಾ?"

ಮುದ್ದಮ್ಮನ ಅತ್ತೆ ಇಂಥವರನ್ನು 'ಬುದ್ಧಿ' ಅನ್ನುತ್ತಿದ್ದಳು, ಸೊಂಟ ಬಗ್ಗಿಸಿ. ಇವಳು 'ಸಾ' ಅನ್ನುತ್ತಾಳೆ, ನೆಟ್ಟಗೆ ನಿಂತು. ಅದೊಂದು ಅಕ್ಷರಕ್ಕಾಗಿ ಮುದ್ದಮ್ಮನ ಕಾಲದಲ್ಲಿ ಕೇರಿಗೂ ಮೇಲಿನ ಬೀದಿಗೂ ಹೊಡೆದಾಟ ಆಗಿತ್ತು.

ಸಾಹೇಬರು ಕಂಪ್ಯೂಟರಿನ ಮೋರೆಯನ್ನು ಅವಳ ಕಡೆ ತಿರುಗಿಸಿದರು. "ನೋಡು. ಇದು ನಿನ್ನ ಬಂಗಲೆ. ಇದು ಈಜೋ ಕೊಳ. ಇದು ನೀನು. ಈಜಿ ಮೇಲೆದ್ದು ನಿಂತಿದ್ದೀಯ, ತಲೆಯಿಂದ ನೀರು ಸುರೀತಾ ಇದೆ."

ಗುಮಾಸ್ತರು ಸಿದ್ಧವಾಗಿದ್ದ ನಗುವನ್ನು ಈಗ ನಕ್ಕರು. ಮುದ್ದಮ್ಮ ನೋಡಿದಳು. ಎದೆಗೆ ಲಂಗ ಕಟ್ಟಿದ ಹೆಂಗಸು. ಒದ್ದೆ ಭುಜ. ಬೋಳು ನೆತ್ತಿ. ಮುದ್ದಮ್ಮ ಸೆರಗನ್ನು ಎಳೆದು ಮೈತುಂಬ ಸುತ್ತಿಕೊಂಡಳು. ಎಷ್ಟು ಸುತ್ತಿದರೂ ಅಲ್ಲಿದ್ದ ಹೆಂಗಸಿನ ಮೈ ಮುಚ್ಚಲಿಲ್ಲ.

"ಅದು ಪ್ಲೆಕ್ಸು ಸಾ. ಸೂರು ಸೋರ್ತದೆ ಅಂತ ಆಸಿರದು. ಬಂದು ನೋಡಿ."

"ಬಂದು ನೋಡೋ ಹಾಗಿದ್ರೆ ಡ್ರೋನ್ ಯಾಕಮ್ಮ? ಇದನ್ನ ಓದಿ ಹೇಳಿರೋದು ಕೃತಕ ಬುದ್ಧಿ. ಅದು ತಪ್ಪು ಮಾಡಲ್ಲ."

"ನಮ್ಮತ್ತೆ ನಿಮ್ಮಂತೋರ್ನ ಬುದ್ಧಿ ಅಂತಿದ್ಲು. ಈಗ ಮೆಸೀನ್ಗೂ ಬುದ್ಧಿ ಅನ್ಬೇಕಾ ಸಾ?"

ಸಾಹೇಬರ ನಗು ಸ್ವಲ್ಪ ಸಣ್ಣದಾಯಿತು. ಕೀಬೋರ್ಡಿನ ಮೇಲೆ ಕೈ ಇಟ್ಟು ಕೇಳಿದರು: "ನಿನಗೆ ಈಜು ಬರುತ್ತಾ?"

ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನರಸೀಪುರದ ಹೊಳೆದಂಡೆಯ ಹೆಣ್ಣು ಪ್ರಾಣ ಹೋದರೂ ಈಜು ಬರುವುದಿಲ್ಲ ಅನ್ನುವುದಿಲ್ಲ.

"ಬರ್ದೆ ಏನ್ ಸಾ? ನಮ್ಮೂರ ಸಂಗಮದಲ್ಲಿ ಎಮ್ಮೆ ಬಾಲ ಇಡ್ಕಂಡು ಆ ದಡಕ್ಕೆ ಓಯ್ತಿದ್ದೆ. ಬರೋವಾಗ ಎಮ್ಮೆಗೆ ಸುಸ್ತಾದ್ರೆ ನಾನೇ ಎಳ್ಕಂಡು ಬತ್ತಿದ್ದೆ."

ಸಾಹೇಬರು ಟೈಪು ಮಾಡಿದರು: ಮಾಲೀಕರು ಈಜು ಬಲ್ಲರು.

"ಸಾ, ನನ್ ತಾವ ಪೂಲು ಇಲ್ಲ ಅಂತ ಬರೀರಿ."

"ಇಲ್ಲ ಅನ್ನೋ ಕಾಲಂ ಇಲ್ಲಮ್ಮ. ಒಂದ್ಸಲ ಇದೆ ಅಂತ ಬಂದ್ಮೇಲೆ ಎರಡೇ ದಾರಿ. ಸ್ವಂತ ಖರ್ಚಿನಲ್ಲಿ ಮಣ್ಣು ತುಂಬಿ ಪೂಲು ಮುಚ್ಚಿದ್ದೀನಿ ಅಂತ ಹೆಬ್ಬೆಟ್ಟು ಒತ್ತಬೇಕು. ಇಲ್ಲಾ, ಪೂಲು ಬೇರೆಯವರ ಖಾತೆಗೆ ಹೋಗಬೇಕು."

"ಮುಚ್ಚಿವ್ನಿ ಅಂತ ಒತ್ತುದ್ರೆ ಮೋಲ್ಡು ಕೊಡ್ತೀರಾ?"

"ಪೂಲು ಇಟ್ಟಿದ್ದವರಿಗೆ ಮೋಲ್ಡು ಹೇಗಮ್ಮ ಬರುತ್ತೆ?"

ಗುಮಾಸ್ತನೊಬ್ಬ ಇಂಕಿನ ಡಬ್ಬಿ ತಂದು ಮುಂದಿಟ್ಟ. ಮುದ್ದಮ್ಮ ಅದನ್ನು ಒಂದು ಬೆರಳಲ್ಲಿ ಹಿಂದಕ್ಕೆ ತಳ್ಳಿದಳು. "ಇಲ್ದೆ ಇರೋ ಕೆರೆಗೆ ಮಣ್ಣಾಕಿವ್ನಿ ಅಂತ ಒತ್ತಲ್ಲ. ಆ ಪೋಟ ಅಳಸಿ. ಅದ್ಕೂ ಕಾಲಂ ಇಲ್ವಾ?"

ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಹೇಮಂತ್ ಅವಳ ಮುಖ ನೋಡಲಾರದೆ ನೆಲ ನೋಡಿಕೊಂಡು ಹೇಳಿದ: "ಮಳೆಗಾಲದಲ್ಲಿ ಎರಡನೇ ಸುತ್ತು ಹಾರಿಸ್ತೀವಿ ಅಮ್ಮ. ಊರಿನ ಎಲ್ಲಾ ಸೂರಿಗೂ. ಹೊಸ ಫೋಟೊ ಬಂದ್ರೆ ಹಳೇದು ತಾನಾಗೇ ಹೋಗುತ್ತೆ."

ಕೇರಿಗೆ ಬರುವಷ್ಟರಲ್ಲಿ ಅವಳ ಹೆಸರು ಪೂಲಮ್ಮ ಆಗಿತ್ತು. ನಲ್ಲಿಯ ಸಾಲಿನಲ್ಲಿ, "ಮನೇಲಿ ಅಷ್ಟು ನೀರು ಮಡಿಕಂಡು ಇಲ್ಲೇನವ್ವ ನಿಂಗೆ ಕೆಲ್ಸ" ಅಂದರು. ಚಲುವಯ್ಯನೂ ಬಿಡಲಿಲ್ಲ. "ಆ ಬಿಳಿ ಕುರ್ಚಿ ಆಕು, ವಸಿ ಮೈ ಚಾಚ್ತೀನಿ" ಅಂದ. ಮುದ್ದಮ್ಮ ಆ ದಿನ ಅವನಿಗೆ ಮುದ್ದೆ ಇಕ್ಕಲಿಲ್ಲ. ಪೂಲಿನಲ್ಲಿ ಮೀನು ಹಿಡಿದುಕೊಂಡು ತಿನ್ನು ಅಂದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಮೇಸ್ತ್ರಿ ಮಾದೇಶ್ ಹೆಣ್ಣಾಳುಗಳನ್ನು ಕೂಗಿದ. ಅವನೂ ಕೇರಿಯವನೇ.

"ಯಾರ್ ಮನೆ ಮೋಲ್ಡ್ಲಾ?" ಕೇಳಿದಳು ಮುದ್ದಮ್ಮ.

"ಯಾರೋ ಆಪೀಸರ್ದು ಕಣಕ್ಕ. ಮಾಡಿ ಮ್ಯಾಲೆ ಮಾಡಿ ಕಟ್ತಾವ್ರೆ. ಪಾಯ್ಸ ಮಾಡ್ಸವ್ರಂತೆ."

ಮೋಲ್ಡಿನ ದಿನ ಮನೆಯವರು ಆಳುಗಳಿಗೆ ಸಿಹಿ ಹಾಕುವುದು ಪದ್ಧತಿ. ಇವರ ಮನೆಯಲ್ಲಿ ಪಾಯಸದ ಜೊತೆಗೆ ಇನ್ನೂ ಪದ್ಧತಿಗಳಿದ್ದವು. ಗೇಟಿನ ಹೊರಗೆ ಆಳುಗಳಿಗೆ ಕಾಗದದ ಲೋಟ, ಒಳಗೆ ನೆಂಟರಿಗೆ ಸ್ಟೀಲು. ಹೆಣ್ಣಾಳುಗಳು ಕಕ್ಕಸಿಗೆ ಹೋಗಬೇಕೆಂದರೆ ಲೇಔಟಿನ ಆಚೆಯ ಲಾಂಟಾನ ಪೊದೆ. ಇದೆಲ್ಲ ಎಲ್ಲ ಮನೆಗಳಲ್ಲೂ ಇರುವುದೇ. ಮುದ್ದಮ್ಮ ಸಿಂಬೆ ಸುತ್ತಿ ಹೊರತೊಡಗಿದಳು. ಹಿಂದೆ ನೆರೆಮನೆಯ ಸಣ್ಣತಾಯಮ್ಮ. ಅವಳ ಹಿಂದೆ ಉಳಿದವರು. ಬಾಂಡಲಿಗಳು ಇರುವೆ ಸಾಲಿನ ಹಾಗೆ ಮೇಲೆ ಹೋದವು. ಮಧ್ಯಾಹ್ನದ ಹೊತ್ತಿಗೆ ಮೋಲ್ಡು ಅರ್ಧ ಮುಗಿದಿತ್ತು.

ಆಗ ಮನೆಯ ಯಜಮಾನರು ಅಂಗಳಕ್ಕೆ ಬಂದರು. ಸರ್ವೆಯ ರುದ್ರೇಶ್ ಸಾಹೇಬರು. ಮುದ್ದಮ್ಮ ಏಣಿಯ ನಡುವೆ ಇದ್ದಳು.

"ಓಹೋ, ಇವಳೇ ನೋಡಿ ನಾನು ಹೇಳ್ತಿದ್ದ ಪೂಲಮ್ಮ" ಎಂದರು ನೆಂಟರಿಗೆ. ಜೇಬಿನಿಂದ ಫೋನು ತೆಗೆದರು. ನೆಂಟರು ತಲೆಗಳನ್ನು ಒಟ್ಟಿಗೆ ತಂದರು. ಒಬ್ಬ ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದ.

ಈ ಸಲ ಮೇಲಿನಿಂದ ನೋಡುತ್ತಿದ್ದವಳು ಮುದ್ದಮ್ಮ. ತಲೆಗಳ ಸಂದಿಯಲ್ಲಿ ಅವಳಿಗೆ ಒದ್ದೆ ಭುಜ ಕಂಡಿತು. ಬೋಳು ನೆತ್ತಿ ಕಂಡಿತು. ಆ ನೆತ್ತಿಯ ಮೇಲೆ ಈಗ ಇವರ ಮೋಲ್ಡು ಇತ್ತು.

ಅವಳು ನಿಂತಳು. ಏಣಿ ನಿಂತಿತು. ಬಾಂಡಲಿಯನ್ನು ಎರಡೂ ಕೈಯಲ್ಲಿ ಎತ್ತಿ ಮಗುಚಿದಳು. ಕಾಂಕ್ರೀಟು ದೊಪ್ಪನೆ ಅಂಗಳಕ್ಕೆ ಬಿತ್ತು. ಆ ಸದ್ದಿಗೆ ಕಪಿಲೆಯ ಆಚೆ ದಡದ ಕೊಕ್ಕರೆಗಳು ಎದ್ದುಹೋದವು.

"ಇನ್ ಒರಲ್ಲ" ಅಂದಳು.

"ಯಾಕಕ್ಕ?" ಕೆಳಗಿನ ಮೆಟ್ಟಿಲಿನಿಂದ ಸಣ್ಣತಾಯಮ್ಮ ಕೇಳಿದಳು.

"ನಾನು ಮೀಯೋ ಪೋಟವ ನೆಂಟ್ರಿಗೆ ತೋರುಸ್ತಾವ್ರೆ."

ಸಣ್ಣತಾಯಮ್ಮ ತನ್ನ ಬಾಂಡಲಿಯನ್ನೂ ಮಗುಚಿದಳು. ಹಿಂದಿನವಳೂ. ಅವಳ ಹಿಂದಿನವಳೂ. ಕೊನೆಯವಳಿಗೆ ಏನೆಂದು ಗೊತ್ತೇ ಇರಲಿಲ್ಲ. ಎಲ್ಲರೂ ಮಗುಚುತ್ತಿದ್ದಾರೆಂದು ಅವಳೂ ಮಗುಚಿದಳು. ಆಮೇಲೆ ಕಾರಣ ಕೇಳಿ ತಿಳಿದು, ಇನ್ನೊಂದು ಬಾಂಡಲಿ ತುಂಬಿಕೊಂಡು ಬಂದು ಮತ್ತೆ ಮಗುಚಿದಳು.

ಮಾದೇಶ್ ಓಡಿಬಂದ. "ಅಕ್ಕ, ಕಾಲಿಗ್ ಬೀಳ್ತೀನಿ. ಮೆಸೀನ್ ತಿರುಗ್ತಾ ಅದೆ. ಮಾಲು ಗಟ್ಟಿ ಆಗೋಯ್ತದೆ."

"ಸಾಯೇಬ್ರು ಪೋಟ ಅಳುಸ್ಲಿ. ನಮ್ಮನೆ ಒಳಕ್ಕೆ ಬಂದು ಕತ್ತೆತ್ತಿ ಸೂ‍ರು ನೋಡ್ಲಿ. ಕಂಡುದ್ನ ಕೈಯಾರೆ ಬರೀಲಿ. ಆಮ್ಯಾಕೆ ಮೋಲ್ಡು ಯಾಕೆ, ಇಡೀ ಮನೇನೆ ಒತ್ಕಂಡು ಮ್ಯಾಲಕ್ಕೆ ಆಕ್ತೀವಿ."

"ನಾನು ನಿಮ್ಮ ಕೇರಿಗಾ?" ಅಂದರು ಸಾಹೇಬರು. ಕಾಶಿಗೆ ನಡೆದುಕೊಂಡು ಹೋಗು ಅಂದಿದ್ದರೂ ಅವರಿಗೆ ಅಷ್ಟು ದೂರ ಅನ್ನಿಸುತ್ತಿರಲಿಲ್ಲ. "ಡ್ರೋನು ನೋಡಿ ಆಗಿದೆ."

"ಅಂಗಾರೆ ಮೋಲ್ಡೂ ಡ್ರೋನ್ ಕೈಲೇ ಒರ್ಸಿ ಸಾ."

ಕೋಪಕ್ಕೆ ಹೇಳಿದ ಮಾತು. ಆದರೆ ಕಾಂಕ್ರೀಟು ಗಟ್ಟಿಯಾಗುತ್ತಿರುವಾಗ ಮನುಷ್ಯ ಯಾವ ಮಾತನ್ನೂ ಹಿಡಿದುಕೊಳ್ಳುತ್ತಾನೆ. ಸಾಹೇಬರು ಹೇಮಂತನನ್ನು ಕರೆಸಿಯೇಬಿಟ್ಟರು. "ಇದು ಫೋಟೊ ತೆಗೆಯೋ ಡ್ರೋನು ಸಾರ್" ಅಂದ ಹೇಮಂತ್. "ಸರ್ಕಾರ ಬಾಡಿಗೆ ಕೊಡುತ್ತಲ್ಲ, ಹೊರಲಿ" ಅಂದರು ಸಾಹೇಬರು. ಕಾಂಕ್ರೀಟನ್ನು ತರಕಾರಿ ಚೀಲಕ್ಕೆ ತುಂಬಿ ಡ್ರೋನಿನ ಕಾಲಿಗೆ ಕಟ್ಟಿದರು. ಡ್ರೋನು ಎದ್ದಿತು. ಹೆರಿಗೆ ನೋವಿನ ಎಮ್ಮೆಯ ಹಾಗೆ ಮುಲುಗಿತು. ಏಣಿಯ ಅರ್ಧ ಎತ್ತರಕ್ಕೆ ಹೋಗಿ ಒಂದು ಸುತ್ತು ತಿರುಗಿ, ಅಡುಗೆಯವರ ಶಾಮಿಯಾನದ ಕಡೆ ಓಲಾಡಿಕೊಂಡು ಹೋಗಿ, ಚೀಲದ ಸಮೇತ ಪಾಯಸದ ಹಂಡೆಗೆ ಬಿತ್ತು. ಆ ಪಾಯಸವನ್ನು ಮಾರನೆಯ ದಿನ ಸುತ್ತಿಗೆಯಿಂದ ಒಡೆದರು. ದ್ರಾಕ್ಷಿ ಗೋಡಂಬಿ ಸಮೇತ ಒಂದು ತುಂಡು ಈಗಲೂ ಕೇರಿಯಲ್ಲಿದೆ, ಬಟ್ಟೆ ಒಗೆಯುವ ಕಲ್ಲಾಗಿ.

ನೆಂಟರು ಪಂಚೆ ಎತ್ತಿ ಕಟ್ಟಿದರು. ಫೋಟೊ ದೊಡ್ಡದು ಮಾಡಿದ್ದವನು ಮೊದಲ ಬಾಂಡಲಿ ಎತ್ತಿದ. ಎರಡು ಮೆಟ್ಟಿಲು ಹತ್ತಿದ. ಕತ್ತು ಹೆಗಲೊಳಗೆ ಇಳಿದುಹೋಯಿತು. ಅವನನ್ನೂ ಬಾಂಡಲಿಯನ್ನೂ ಬೇರೆ ಮಾಡಲು ನಾಲ್ಕು ಜನ ಬೇಕಾದರು. ಹೆಂಗಸರು ಮರಳಿನ ರಾಶಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು.

ಅಷ್ಟರಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಕಪ್ಪಗೆ ಎದ್ದಿತು. ಅರ್ಧ ಮೋಲ್ಡು ಇನ್ನೂ ಹಸಿ. ಮಳೆ ಬಿದ್ದರೆ ಸಿಮೆಂಟು ತೊಳೆದು ಬರೀ ಜಲ್ಲಿ ಉಳಿಯುತ್ತದೆ. ಟಾರ್ಪಾಲಿನ ಅಂಗಡಿಗಳಿಗೆಲ್ಲ ಭಾನುವಾರದ ಬೀಗ. ಸಾಹೇಬರು ಫೋನು ಕಿವಿಗೆ ಒತ್ತಿಕೊಂಡು ಬೀದಿಯ ಕೊನೆಯವರೆಗೂ ಹೋಗಿ ಬಂದರು. ಅವರ ಹೆಂಡತಿ ಅರ್ಪಿತ ಗೇಟು ದಾಟಿ ಮರಳಿನ ರಾಶಿಯ ಹತ್ತಿರ ಬಂದು ನಿಂತಳು.

"ನಿಮ್ಮ ಕಡೆ ಯಾರ ಹತ್ತಿರಾನಾದ್ರೂ ದೊಡ್ಡ ಹೊದಿಕೆ ಇದ್ದರೆ ಕೊಡಿಸಿ ಅಮ್ಮ."

ಮುದ್ದಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಬೇರೆಯವರ ಖಾತೆಗೆ ಹೋಗಬೇಕು. ಸಾಹೇಬರದೇ ಮಾತು. ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗಿದಳು.

"ನನ್ ತಾವ ಒಂದು ಪ್ಲೆಕ್ಸು ಅದೆ ಕಣವ್ವ. ನಿಮ್ ಮೋಲ್ಡಿಗೆ ಸರೀಗಾಯ್ತದೆ."

"ನಿಂಗೇನು ಉಚ್ಚಾ?" ಸಣ್ಣತಾಯಮ್ಮ ತೊಡೆ ಚಿವುಟಿದಳು.

"ಸುಮ್ಕಿರು."

ಮನೆಗೆ ಬಂದು ಸೂರಿನ ಮೇಲಿನ ಕಲ್ಲುಗಳನ್ನು ಉರುಳಿಸಿ ಫ್ಲೆಕ್ಸು ಸುತ್ತತೊಡಗಿದಾಗ ಚಲುವಯ್ಯ ಬಾಯಿಬಿಟ್ಟುಕೊಂಡು ನೋಡಿದ. "ನಮ್ ತಲೆ ಮ್ಯಾಕೆ ಏನೇ?"

"ಮಳೆ. ಒಂದಿನ ನೆನೆಯವ ಬುಡು. ಮಗನ್ನೂ ದಿವ್ಯಾನೂ ಸಣ್ಣತಾಯಿ ಮನೇಲಿ ಮನಗ್ಸು."

ಸುರುಳಿಯನ್ನು ಹೊತ್ತು ತಂದವಳು ಅದನ್ನು ಮಾದೇಶನ ಹೆಗಲಿಗೆ ಹಾಕಿದಳು. "ಇದ್ರಲ್ಲಿ ಗಂಡಸ್ನ ಮಕ ಅದೆ ಕಣ್ಲಾ. ಮಕ ಮ್ಯಾಲಕ್ಕೆ ಬರ್ಲಿ. ಈ ಮನೇಲೂ ಹೆಣ್ಮಕ್ಳವ್ರೆ."

"ಹೌದಪ್ಪ, ಮೇಲಕ್ಕೇ ಹಾಸಿ" ಅಂದಳು ಅರ್ಪಿತ. ಇಷ್ಟು ಮರ್ಯಾದೆಯ ಯೋಚನೆ ಅವಳಿಗೆ ಮೆಚ್ಚುಗೆಯೂ ಆಯಿತು.

ಸಾಹೇಬರು ಕೊಡೆ ಹಿಡಿದು ಕೆಳಗೇ ನಿಂತಿದ್ದರು. ಆ ಫ್ಲೆಕ್ಸನ್ನು ಅವರು ನೂರು ಸಲ ಆಕಾಶದಿಂದ ನೋಡಿದ್ದರು. ನೆಲದ ಮೇಲೆ ನಿಂತು ಒಂದು ಸಲವೂ ನೋಡಿರಲಿಲ್ಲ. ಗುರುತು ಸಿಗಲಿಲ್ಲ. ಅರ್ಧ ಮೋಲ್ಡಿನ ಮೇಲೆ ಬಂಗಲೆ, ಈಚಲ ಮರ, ಬಿಳಿ ಕುರ್ಚಿ, ನೀಲಿ ಕೊಳ ಎಲ್ಲ ಅಂಗಾತ ಮಲಗಿದವು. ಮೀಸೆಯವನು ಮಳೆಗೆ ಹೆಬ್ಬೆರಳು ತೋರಿಸಿದ.

ಆ ಮಳೆಗೆ ಮುದ್ದಮ್ಮನ ಮನೆಯ ಒಳಗೂ ಹೊರಗೂ ಒಂದೇ ಆಯಿತು. ಬಿಂದಿಗೆ, ತಪ್ಪಲೆ, ಚಲುವಯ್ಯನ ಟಿಫಿನ್ ಡಬ್ಬಿ ಎಲ್ಲವನ್ನೂ ತೂತುಗಳ ಕೆಳಗಿಟ್ಟು ಗಂಡ ಹೆಂಡತಿ ಗೋಡೆಗೆ ಒರಗಿ ಕೂತರು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ನೆನೆಯದ ಹಾಗೆ ಚಲುವಯ್ಯ ಅದನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ.

"ನಿನ್ ಪೂಲು ಈಗ ನಿಜ್ವಾಗ್ಲೂ ತುಂಬ್ತು ಕಣೆ" ಅಂದ.

"ನಂದಲ್ಲ ಅದು" ಅಂದಳು ಮುದ್ದಮ್ಮ.

ಅರ್ಧ ಮೋಲ್ಡು, ಮೇಲೆ ಹಾಸಿದ ಫ್ಲೆಕ್ಸಿನ ಸಮೇತ, ಅರ್ಧವಾಗಿಯೇ ನಿಂತಿತು. ಮೈಸೂರಿನಿಂದ ಆಳು ತರಿಸಲು ಸಾಹೇಬರು ಓಡಾಡುತ್ತಿರುವಾಗಲೇ ಎರಡನೇ ಸುತ್ತಿನ ಸರ್ವೆ ಬಂತು. ಹೇಮಂತ್ ಮುರಿದ ಡ್ರೋನಿಗೆ ಪಟ್ಟಿ ಸುತ್ತಿ ಹಾರಿಸಿದ. ಹೆಜ್ಜೇನಿನ ಸದ್ದು ಕೇಳಿದ್ದೇ ಮುದ್ದಮ್ಮ ಮದುವೆಯ ನೀಲಿ ಸೀರೆ ಉಟ್ಟು, ಸೆರಗನ್ನು ಬಿಗಿಯಾಗಿ ಸುತ್ತಿ, ಹಿಂದಿನ ಸಲ ನಿಂತಿದ್ದ ಅದೇ ಮರೆಯೊಳಗೆ ಹೋಗಿ ನಿಂತಳು. ಕತ್ತೆತ್ತಿ ಅದರ ಒಂಟಿಕಣ್ಣನ್ನು ದುರುಗುಟ್ಟಿ ನೋಡಿದಳು. ಈ ಸಲ ನಾಚಿಕೊಂಡು ಹೋದದ್ದು ಡ್ರೋನು.

ಹೊಸ ಫೋಟೊ ಬಂತು. ಹಳೆಯದು ಹೋಯಿತು. ಕೃತಕ ಬುದ್ಧಿ ಓದಿ ಹೇಳಿತು: ಸರ್ವೆಯ ಸಾಹೇಬರಾದ ರುದ್ರೇಶ್ ತಮ್ಮ ಮಹಡಿಯ ಮೇಲೆ ಬಂಗಲೆಯೊಂದನ್ನೂ, ಈಜುಕೊಳವೊಂದನ್ನೂ, ಎರಡು ಈಚಲ ಮರಗಳನ್ನೂ ಹೊಂದಿದ್ದಾರೆ. ಮೇಲಿನ ಆಫೀಸಿನವರು ಕೇಳಿದರು, ಈ ಸಂಬಳಕ್ಕೆ ಈ ಪೂಲು ಎಲ್ಲಿಂದ ಬಂತು? ಅದು ಫ್ಲೆಕ್ಸು, ಬಂದು ನೋಡಿ ಅಂದರು ಸಾಹೇಬರು. ಬಂದು ನೋಡುವ ಹಾಗಿದ್ದರೆ ಡ್ರೋನು ಯಾಕೆ ಅಂದರು ಅವರು. ಇಲ್ಲ ಎಂದು ಬರೆಯಿರಿ ಅಂದರೆ ಕಾಲಂ ಇರಲಿಲ್ಲ. ಮುಚ್ಚಿದ್ದೇನೆಂದು ಸಹಿ ಹಾಕಿದರೆ ಇತ್ತೆಂದು ಒಪ್ಪಿದ ಹಾಗೆ. ಆ ಕಾಲಂಗಳನ್ನು ಮಾಡಿಸಿದ್ದವರು ಅವರೇ.

ಒಂದು ತುಂತುರು ಮಳೆಯ ಬೆಳಗ್ಗೆ ಸಾಹೇಬರ ಕಾರು ಮೇನ್ ರೋಡಿನಲ್ಲಿ ನಿಂತಿತು. ಗಾಜು ಇಳಿಯಿತು. ಬಾಗಿಲು ತೆರೆಯಿತು. ಸಾಹೇಬರು ಇಳಿದು ನಡೆದರು. ಕೇರಿಯ ಕೋಳಿಗಳು ಕೂಗು ನಿಲ್ಲಿಸಿದವು. ನಲ್ಲಿಯ ಸಾಲಿನವರು ಬಿಂದಿಗೆ ಮರೆತು ಹಿಂದೆ ಬಂದರು. ನಲ್ಲಿಗೂ ಆಶ್ಚರ್ಯವಾಗಿ ಒಂದು ಧಾರೆ ನೀರು ಬಿಟ್ಟಿತು, ಹಿಡಿಯುವವರಿರಲಿಲ್ಲ.

ಮುದ್ದಮ್ಮನ ಬಾಗಿಲು ಗಿಡ್ಡ. ಬಗ್ಗದೆ ಒಳಗೆ ಬರಲು ಆಗುವುದಿಲ್ಲ. ಸಾಹೇಬರು ಬಗ್ಗಿದರು.

ಮುದ್ದಮ್ಮ ಸ್ಟೀಲು ಲೋಟದಲ್ಲಿ ನೀರು ಕೊಟ್ಟಳು. ಅವರು ಲೋಟ ನೋಡಿದರು, ಬಾಗಿಲಲ್ಲಿ ತುಂಬಿದ್ದ ಜನ ನೋಡಿದರು. ಕುಡಿದರು. ಕುಡಿಯಲು ಕತ್ತೆತ್ತಿದಾಗ ಸೂರು ಕಂಡಿತು. ನಕ್ಷತ್ರಗಳ ಹಾಗೆ ತೂತು. ಒಂದು ಹನಿ ಇಳಿದು ಹಣೆಯ ಮೇಲೆ, ವಿಭೂತಿಯ ಪಕ್ಕದಲ್ಲಿ, ಟಪ್ಪೆಂದು ಬಿತ್ತು.

"ಕಂಡ್ತಾ ಸಾ?" ಕೇಳಿದಳು ಮುದ್ದಮ್ಮ. "ಕಂಡುದ್ನ ಬರೀರಿ."

"ಅದಕ್ಕೆ ಮುಂಚೆ ಒಂದು ಮಾತು…"

"ಮೊದ್ಲು ಬರೀರಿ. ನಿಮ್ ಪೋನಲ್ಲಿರೋ ಪೋಟಾನೂ ಅಳಸಿ. ನನ್ ಕಣ್ ಮುಂದೆ."

ಅಳಿಸಿದರು. ಕೂರಲು ಕುರ್ಚಿ ಇರಲಿಲ್ಲ. ಅದು ಅವರ ಮಹಡಿಯ ಮೇಲಿತ್ತು. ನೆಲದ ಮೇಲೆ ಕೂತು, ಮೊಣಕಾಲಿನ ಮೇಲೆ ಕಾಗದ ಇಟ್ಟು ಬರೆದರು: ಖುದ್ದಾಗಿ ಒಳಗಿನಿಂದ ನೋಡಲಾಗಿದೆ. ಸೂರು ಇರುವುದಿಲ್ಲ. ಮೋಲ್ಡು ಮಂಜೂರು ಮಾಡಬಹುದು. ದಿವ್ಯ ಅದನ್ನು ಗಟ್ಟಿಯಾಗಿ ಓದಿದಳು, ಬಾಗಿಲಲ್ಲಿದ್ದವರಿಗೂ ಕೇಳುವ ಹಾಗೆ.

ಆಮೇಲೆ ಸಾಹೇಬರು ಜೇಬಿನಿಂದ ಇಂಕಿನ ಡಬ್ಬಿ ತೆಗೆದು ನೆಲದ ಮೇಲಿಟ್ಟರು. ದನಿ ಇಳಿದಿತ್ತು.

"ಮುದ್ದಮ್ಮನೋರೆ, ಆ ಪೂಲು… 'ಅದು ನಂದೇ, ವಾಪಸು ನನ್ನ ಖಾತೆಗೆ ಹಾಕಿ' ಅಂತ ನೀವು ಒಂದು ಹೆಬ್ಬೆಟ್ಟು ಒತ್ತಿಬಿಟ್ಟರೆ…"

ಮುದ್ದಮ್ಮ ಹೆಬ್ಬೆರಳನ್ನು ಅವರ ಮುಖದ ಮುಂದೆ ಹಿಡಿದಳು. ನದಿಯ ಕಲ್ಲಿನ ಹಾಗೆ ನುಣ್ಣಗಿತ್ತು.

"ಗೆರೆ ಎಲ್ಲದೆ ಸಾ ಒತ್ತಕ್ಕೆ? ನಿಮ್ ಮೋಲ್ಡುಗಳೇ ತಿಂದಾಕವೆ." ಡಬ್ಬಿಯನ್ನು ಒಂದು ಬೆರಳಲ್ಲಿ ಅವರ ಕಡೆಗೆ ತಳ್ಳಿದಳು. "ಅದಿರ್ಲಿ, ನಿಮ್ಗೆ ಈಜು ಬತ್ತದಾ?"